ಸೊಸೆ ಮೂರು ಎಡಿಟರ್ ಬದಲಿಸಿದ ವಾರ

ಮಂಗಳವಾರ ಬೆಳಿಗ್ಗೆ ನಾನು ಹಿತ್ತಲ ಕಟ್ಟೆಯ ಮೇಲೆ ಕೂತು ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದೆ. ಸಂಜೆಯೊಳಗೆ ಖಾರಪುಡಿಗೆ ಗಿರಣಿಗೆ ಕೊಡಬೇಕಿತ್ತು, ಅರ್ಧ ಮೊರವೂ ಮುಗಿದಿರಲಿಲ್ಲ. ಒಳಗೆ ಸೊಸೆಯ ಫೋನು ಬಂತು. ಅವಳು "ಹೌದ್ರಿ ಸರ್, ಹೌದ್ರಿ" ಎನ್ನುವುದು ಎರಡು ಸಲ ಕೇಳಿಸಿತು. ಎಂಟು ತಿಂಗಳ ಮೊಮ್ಮಗ ಅಳತೊಡಗಿದ. ಅವಳು ಎತ್ತಿಕೊಂಡ ಹಾಗೆ ಕಾಣಲಿಲ್ಲ.

"ಏನಾತವಾ?" ಎಂದು ಕೂತಲ್ಲಿಂದಲೇ ಕೂಗಿದೆ. ನನ್ನ ಎರಡೂ ಕೈ ಖಾರ, ಕೂಸನ್ನು ಮುಟ್ಟುವ ಹಾಗಿರಲಿಲ್ಲ.

ಅವಳು ಕೂಸನ್ನು ಸೊಂಟಕ್ಕೆ ಏರಿಸಿಕೊಂಡು ಬಾಗಿಲಿಗೆ ಬಂದು ನಿಂತಳು. "ಆಫೀಸಿನ ಸರ್ ಶುಕ್ರವಾರ ಸಂಜಿತನಕ ಟೈಮ್ ಕೊಟ್ಟಾರ್ರಿ ಅತ್ತಿ. ಅಷ್ಟರಾಗ ತಪ್ಪು ಹುಡುಕಿ ಕೊಡಬೇಕಂತ. ಇಲ್ಲಾಂದ್ರ ಸೋಮವಾರದಿಂದ ದಿನಾ ಹುಬ್ಬಳ್ಳಿಗೆ ಬಂದು ಆಫೀಸ್‌ನಾಗ ಕುಂದ್ರು ಅಂದ್ರು. ಮನ್ಯಾಗ ಕುಂತು ಈ ಕೆಲಸ ಆಗೂದಲ್ಲ ಅಂತ."

"ಮತ್ತ ಕೂಸು?"

"ಅದನ್ನ ಅವ್ರು ಕೇಳಲಿಲ್ರಿ."

ನಮ್ಮ ಮನೆ ಹಳಿಯಾಳದಲ್ಲಿ. ಮಗ ದಾಂಡೇಲಿಯ ಕಾಗದದ ಗಿರಣಿಯಲ್ಲಿ ಪಾಳಿ ಕೆಲಸಕ್ಕೆ ಹೋಗುತ್ತಾನೆ. ಸೊಸೆ ಮುಂಡಗೋಡ ಕಡೆಯ ಇಂದೂರು ಎಂಬ ಹಳ್ಳಿಯವಳು, ಕಂಪ್ಯೂಟರ್ ಓದಿದವಳು. ಹುಬ್ಬಳ್ಳಿಯ ಒಂದು ಸಣ್ಣ ಆಫೀಸಿಗೆ ಪ್ರೋಗ್ರಾಮ್ ಬರೆದುಕೊಡುತ್ತಾಳೆ. ಬಾಣಂತನ ಮುಗಿಸಿ ಮತ್ತೆ ಸೇರುವಾಗ, ಮನೆಯಿಂದಲೇ ಮಾಡುತ್ತೇನೆ ಎಂದು ಕೇಳಿಕೊಂಡಿದ್ದಳು. ಒಂದಷ್ಟು ದಿನ ನೋಡೋಣ ಎಂದು ಅವರು ಒಪ್ಪಿ ಒಂದು ತಿಂಗಳಾಗಿತ್ತು. ಹುಬ್ಬಳ್ಳಿಗೆ ಬಸ್ಸಿನಲ್ಲಿ ಹೋಗಿ ಬರುವುದರಲ್ಲೇ ಅರ್ಧ ದಿನ ಹೋಗುತ್ತದೆ. ಕೂಸು ಬಾಟಲಿ ಬಾಯಿಗಿಟ್ಟರೆ ಉಗುಳುತ್ತಿತ್ತು, ತಾಯಿಯ ಹಾಲೇ ಆಗಬೇಕು. ಹಾಗಾಗಿ ಶುಕ್ರವಾರ ಸಂಜೆಯೊಳಗೆ ತಪ್ಪು ಸಿಗದಿದ್ದರೆ ಅವಳು ಕೆಲಸ ಬಿಡಬೇಕಾಗುತ್ತಿತ್ತು. ಮೆಣಸಿನಕಾಯಿ ಮೊರವನ್ನು ಮೂಲೆಗೆ ಸರಿಸಿ, ಹುಳಿಮಜ್ಜಿಗೆಯಲ್ಲಿ ಕೈ ತೊಳೆದು ಕೂಸನ್ನು ಇಸಕೊಂಡೆ.

ತಪ್ಪು ಏನೆಂದು ನನಗೆ ಗೊತ್ತಿತ್ತು, ಏಕೆಂದರೆ ವಾರದಿಂದ ಮನೆಯಲ್ಲಿ ಅದೇ ಮಾತು. ಜೋಯಿಡಾ ಕಡೆ ಕಾಡಂಚಿನಲ್ಲಿ ಪ್ರವಾಸಿಗಳಿಗೆ ಕೋಣೆ ಕೊಡುವ ಮನೆಗಳಿವೆಯಲ್ಲ, ಅವುಗಳ ಬುಕಿಂಗಿನ ಪ್ರೋಗ್ರಾಮ್ ಇವಳದು. ಒಮ್ಮೊಮ್ಮೆ ಅದು ಒಂದೇ ಕೋಣೆಯನ್ನು ಇಬ್ಬರಿಗೆ ಕೊಡುತ್ತಿತ್ತು. ಹಿಂದಿನ ಭಾನುವಾರ ಒಂದು ಮನೆಯ ಅಂಗಳಕ್ಕೆ ಗೋವಾದ ಒಂದು ಕುಟುಂಬ, ಬೆಳಗಾವಿಯ ಇನ್ನೊಂದು ಕುಟುಂಬ ಚೀಲ ಹಿಡಿದು ಒಟ್ಟಿಗೇ ಇಳಿದಿದ್ದವು. ಆ ಮನೆಯ ಹೆಂಗಸು ತನ್ನ ಮಲಗುವ ಕೋಣೆಯನ್ನೇ ಬಿಟ್ಟುಕೊಟ್ಟು, ಮಕ್ಕಳನ್ನು ಕಟ್ಟಿಕೊಂಡು ಅಡುಗೆಮನೆಯಲ್ಲಿ ಮಲಗಿ, ಬೆಳಗಾದ ಮೇಲೆ ಆಫೀಸಿಗೆ ಫೋನು ಮಾಡಿ ಕೊಂಕಣಿಯಲ್ಲಿ ಬೈದಿದ್ದಳಂತೆ. ಅವಳು ಬೈದದ್ದು ನ್ಯಾಯವೇ ಎಂದು ನನಗನ್ನಿಸಿತು. ನೆಂಟರು ಹೇಳದೆ ಬಂದರೆ ಹೇಗೋ ಸುಧಾರಿಸಬಹುದು. ಹೇಳಿ ಬಂದ ಎರಡು ಮನೆಯವರಿಗೆ ಒಂದೇ ಹಾಸಿಗೆ ತೋರಿಸುವುದು ಹೇಗೆ?

ಸೊಸೆ ಕೆಲಸಕ್ಕೆ ಕೂರುವುದು ನಡುಮನೆಯ ಕಿಟಕಿಯ ಹತ್ತಿರ, ಅಲ್ಲಿ ನೆಟ್‌ವರ್ಕ್ ಚೆನ್ನಾಗಿದೆ. ನಾನೂ ಅಲ್ಲೇ ಕೂಸನ್ನು ಆಡಿಸುತ್ತ, ಕಾಳು ಆರಿಸುತ್ತ ಕೂರುತ್ತೇನೆ. ಹಾಗಾಗಿ ಅವಳ ಸಲಕರಣೆಗಳ ಚಹರೆ ನನಗೆ ಪರಿಚಯವಾಗಿದೆ. ಎಡಿಟರ್ ಎಂದರೆ ಅವಳು ಪ್ರೋಗ್ರಾಮ್ ಬರೆಯುವ ಜಾಗ. ಅವಳು ದಿನವೂ ಬಳಸುವ ಎಡಿಟರ್‌ಗೆ ಬಣ್ಣಗಳು ಹೆಚ್ಚು. ಎರಡಕ್ಷರ ಬರೆದರೆ ಉಳಿದದ್ದನ್ನು ತಾನೇ ಸೂಚಿಸುತ್ತದೆ, ತಪ್ಪಾದಲ್ಲಿ ಕೆಂಪು ಗೆರೆ ಎಳೆಯುತ್ತದೆ. ಅದರೊಳಗೇ ತಪ್ಪು ಹುಡುಕುವ ಸಲಕರಣೆ ಇದೆ, ಅದಕ್ಕೆ ಡಿಬಗ್ಗರ್ ಎನ್ನುತ್ತಾರೆ. ಅನುಮಾನ ಇದ್ದ ಸಾಲಿನ ಪಕ್ಕ ಒಂದು ಕೆಂಪು ಚುಕ್ಕೆ ಇಟ್ಟು ಪ್ರೋಗ್ರಾಮ್ ಓಡಿಸಿದರೆ ಅದು ಅಲ್ಲಿ ಬಂದು ನಿಲ್ಲಬೇಕು. ನಿಂತಾಗ ಯಾವುದರಲ್ಲಿ ಏನಿದೆ ಎಂದು ಪಕ್ಕದಲ್ಲಿ ತೋರಿಸುತ್ತದೆ. ಆಮೇಲೆ ಮೇಲಿನ ಸಾಲಿನ ಒಂದು ಕೀಲಿ ಒತ್ತಿದರೆ ಒಂದೇ ಒಂದು ಸಾಲು ಮುಂದೆ ಹೋಗಿ ಮತ್ತೆ ನಿಲ್ಲುತ್ತದೆ.

ಅವಳು ಕೆಲಸ ಮಾಡುವ ಲ್ಯಾಪ್‌ಟಾಪ್ ಆಫೀಸಿನವರು ಕಳಿಸಿದ್ದು. ಬಂದ ಮೊದಲ ಸೋಮವಾರ, ಸ್ನಾನ, ಲಿಂಗಪೂಜೆ ಮುಗಿಸಿದ ಮೇಲೆ ನಾನು ವಿಭೂತಿ ತೇಯ್ದು, ಕೀಲಿಗಳ ಮೇಲ್ಭಾಗದ ಪಟ್ಟಿಗೆ ಮೂರು ಬೆರಳಿನಿಂದ ಎಳೆದು ಒಂದು ಹೂವು ಇಟ್ಟಿದ್ದೆ. ನಮ್ಮಲ್ಲಿ ಒಲೆಗೂ ಮಿಕ್ಸರಿಗೂ ಮಗನ ಬೈಕಿಗೂ ಅದೇ ಪದ್ಧತಿ. ಅನ್ನ ಕೊಡುವ ವಸ್ತು ಎಂದು ಆಮೇಲಿನ ಸೋಮವಾರಗಳಲ್ಲೂ ತಪ್ಪಿಸಲಿಲ್ಲ. ಸೊಸೆ ಬೇಡ ಎನ್ನಲಿಲ್ಲ. ಕೆಲಸಕ್ಕೆ ಕೂರುವ ಮುಂಚೆ ಒದ್ದೆ ಬಟ್ಟೆಯಿಂದ ಒರೆಸಿಕೊಳ್ಳುತ್ತಿದ್ದಳು.

ಮಂಗಳವಾರ ಅವಳು ಕೆಂಪು ಚುಕ್ಕೆ ಇಟ್ಟು ಹುಡುಕಲು ಕೂತಳು. ಪ್ರೋಗ್ರಾಮ್ ಓಡಿ ಬಂದು ಚುಕ್ಕೆಯ ಹತ್ತಿರ ನಿಲ್ಲುತ್ತಿತ್ತು. ಆದರೆ ಅವಳು ಮುಂದೆ ಹೋಗು ಎನ್ನುವ ಮೊದಲೇ ಎರಡು ಸಾಲು, ಒಮ್ಮೊಮ್ಮೆ ಏಳೆಂಟು ಸಾಲು ದಾಟಿ ಹೋಗಿಬಿಡುತ್ತಿತ್ತು. ನೋಡಬೇಕಾದ ಸಾಲೇ ಕಾಣದು. ಇನ್ನೊಮ್ಮೆ ಓಡಿಸಿದರೆ ಸರಿಯಾಗಿ ನಿಲ್ಲುತ್ತಿತ್ತು, ಮತ್ತೊಮ್ಮೆ ಓಡುತ್ತಿತ್ತು. ಎಡಿಟರ್‌ಗೆ ಸೇರಿಸಿಕೊಂಡಿದ್ದ ಬೇರೆ ಬೇರೆ ಸೌಲಭ್ಯಗಳನ್ನು ಒಂದೊಂದಾಗಿ ತೆಗೆದಳು. ಕೊನೆಗೆ ಎಡಿಟರನ್ನೇ ತೆಗೆದು ಮತ್ತೆ ಹಾಕಿದಳು. ಮಂಗಳವಾರ ಹಾಗೇ ಹೋಯಿತು.

ಮಗ ಮೊದಲ ಪಾಳಿ ಮುಗಿಸಿ ಬಂದವನು ಹೆಂಡತಿಯ ಬೆನ್ನ ಹಿಂದೆ ನಿಂತು ನೋಡಿದ. "ನಿನಗಿಂತ ಅದಕ್ಕ ಅವಸರ ಭಾಳ ಐತಿ ನೋಡ. ನಮ್ಮ ಗಿರಣ್ಯಾಗ ಮಷೀನ್ ಹಿಂಗ ಓಡಿದ್ರ ಮದ್ಲ ಬಂದ್ ಮಾಡ್ತೇವಿ, ಆಮ್ಯಾಲ ನೋಡ್ತೇವಿ."

"ಇದನ್ನ ಬಂದ್ ಮಾಡಿದ್ರ ತಪ್ಪೂ ಬಂದ್ ಆಗ್ತೈತ್ರಿ. ಓಡೂವಾಗನ ಹಿಡೀಬೇಕು."

"ಓಡೂ ಬೆಕ್ಕಿನ ಬಾಲ ಹಿಡದಂಗ."

"ಬಾಲ ಆದ್ರೂ ಎಲ್ಲಿ ಕಾಣಾಕತ್ತೈತಿ? ಸುಮ್ನ ಕೂಸಿನ ಅರಿವಿ ಒಣಗ ಹಾಕ್ರಿ, ಹೋಗ್ರಿ." ಅವನು ಹೋಗಿ ಒಣಹಾಕಿದ. ಅಷ್ಟಾದರೂ ಹೇಳಿದ್ದು ಕೇಳುವ ಮಗನನ್ನು ಶಿವ ಕೊಟ್ಟಿದ್ದಾನೆ.

ಬುಧವಾರ ಆಫೀಸಿನ ಗೆಳತಿಯೊಬ್ಬಳು ಫೋನಿನಲ್ಲಿ ಬೇರೆ ಎಡಿಟರ್ ಹಾಕಿಕೊಳ್ಳಲು ಹೇಳಿದಳು. ಆಫೀಸಿನಲ್ಲಿ ಹೆಚ್ಚಿನವರು ಬಳಸುವುದು ಅದನ್ನೇ ಅಂತೆ. ಅದು ಮೊದಲನೆಯದಕ್ಕಿಂತ ಭಾರ. ತೆರೆದುಕೊಳ್ಳುವಷ್ಟರಲ್ಲಿ ನಾನು ಅನ್ನಕ್ಕಿಟ್ಟು ಬಂದೆ. ಲ್ಯಾಪ್‌ಟಾಪಿನ ಫ್ಯಾನು ಗಿರ್ರೆನ್ನುತ್ತಿತ್ತು, ತಳ ಬಿಸಿಯಾಗಿತ್ತು. ಕೆಳಗೆ ಗಾಳಿಯಾಡಲೆಂದು ಕೂರುವ ಮಣೆ ತಂದು ಕೊಟ್ಟೆ. ಆದರೆ ಅದರ ಡಿಬಗ್ಗರ್ ಜಾಣ ಎಂದು ಸೊಸೆ ಹೇಳಿದಳು. ಬಂದ ಬಂದವರನ್ನೆಲ್ಲ ನಿಲ್ಲಿಸುವುದಿಲ್ಲ. ಒಂದೇ ಕೋಣೆಗೆ ಎರಡನೇ ಬುಕಿಂಗ್ ಬಂದಾಗ ಮಾತ್ರ ನಿಲ್ಲು ಎಂದು ಹೇಳಿದರೆ ಅಷ್ಟಕ್ಕೇ ನಿಲ್ಲುತ್ತದಂತೆ. ಮೊದಲನೆಯದರಲ್ಲೂ ಅದು ಆಗುತ್ತದೆ, ಆದರೆ ಇದರಲ್ಲಿ ಹೇಳುವುದು ಸುಲಭ.

"ಇದರಾಗ ಒಂದೊಂದು ಕೀಲಿ ಕೆಲಸ ಬ್ಯಾರೆ ಬ್ಯಾರೆ ಐತ್ರಿ ಅತ್ತಿ," ಎಂದಳು. "ಬೆರಳಿಗೆ ರೂಢಿ ಇಲ್ಲ. ನಮ್ಮ ಹಳೇ ಎಡಿಟರ್‌ನಾಗ ಯಾವ ಕೀಲಿಗೆ ಯಾವ ಕೆಲಸ ಇತ್ತೋ ಅದನ್ನ ಇದಕ್ಕೂ ಹಾಕ್ಕೊಂಡೇನಿ."

ಅದು ನನಗೂ ಸರಿಯೆನ್ನಿಸಿತು. ನಾನು ತಂಗಿಯ ಮನೆಗೆ ಹೋದರೂ ಉಪ್ಪಿನ ಡಬ್ಬಿಯನ್ನು ನನ್ನ ಎಡಗೈಗೆ ಸಿಗುವಲ್ಲಿ ಇಟ್ಟುಕೊಂಡೇ ಒಗ್ಗರಣೆ ಹಾಕುತ್ತೇನೆ.

ಆ ದೊಡ್ಡ ಎಡಿಟರ್ ನಿಲ್ಲಬೇಕಾದಲ್ಲಿ ನಿಂತಿತು, ಮರುಕ್ಷಣ ಅದೂ ಓಡಿತು. ಸೊಸೆ ನಾಲ್ಕು ಸಲ ನೋಡಿದಳು, ಐದನೇ ಸಲ ಕೈ ಬಿಟ್ಟು ಕುರ್ಚಿಗೆ ಒರಗಿದಳು.

"ಎರಡು ಎಡಿಟರ್ ಕೂಡಿ ಸುಳ್ಳ ಹೇಳೂದಿಲ್ರಿ. ನನ್ನ ಪ್ರೋಗ್ರಾಮ್‌ನಾಗನ ಏನೋ ಐತಿ, ನನಗ ತಿಳೀವಲ್ದು." ಆಮೇಲೆ, "ಹಾಲ ಕುಡಿಸಿಕೋತ ಕುಂತ್ರ ತಲಿ ಓಡೂದಿಲ್ಲಂತ ಸರ್ ಅಂದದ್ದು ಖರೇ ಇರಬೇಕು," ಎಂದಳು.

"ಹಾಲು ತಲ್ಯಾಗಿಂದ ಬರೂದಿಲ್ಲವಾ," ಎಂದೆ. ಅವಳಿಗೆ ನಗು ಬಂದರೂ ಕಣ್ಣಲ್ಲಿ ನೀರಿತ್ತು. ನಾನು ಎದ್ದು ದೇವರ ಮುಂದೆ ಹೋಗಿ ನಿಂತೆ. ತಪ್ಪು ಎಲ್ಲಿದೆ ತೋರಿಸು ಎಂದು ಶಿವನನ್ನು ಕೇಳಲು ನನಗೆ ಮನಸ್ಸಾಗಲಿಲ್ಲ. ಅದು ಅವಳ ವಿದ್ಯೆಯ ಕೆಲಸ. ಕೂಸು ಎರಡು ತಾಸು ನಿದ್ದೆ ಮಾಡಲಿ ಎಂದಷ್ಟೇ ಕೇಳಿದೆ. ಒಂದೂವರೆ ತಾಸು ಮಲಗಿತು. ಅದೂ ಕಡಿಮೆಯಲ್ಲ.

ಗುರುವಾರ ಬೆಳಿಗ್ಗೆ ನೋಡಿದರೆ ಪರದೆ ಪೂರ್ತಿ ಕಪ್ಪು. ಲ್ಯಾಪ್‌ಟಾಪ್ ಕೆಟ್ಟಿತೆಂದುಕೊಂಡೆ. "ಇದೂ ಎಡಿಟರ್ರೀ," ಎಂದಳು. ಕಾಲೇಜಿನಲ್ಲಿ ಹಳೆಯ ಕಂಪ್ಯೂಟರುಗಳ ಮೇಲೆ ಕಲಿತದ್ದು ಇದನ್ನಂತೆ. ಬಣ್ಣವಿಲ್ಲ, ಸೂಚನೆಯಿಲ್ಲ, ಕೆಂಪು ಗೆರೆಯಿಲ್ಲ. ಬರೀ ಬಿಳಿ ಅಕ್ಷರ. ಒತ್ತಿದ ತಕ್ಷಣ ತೆರೆಯಿತು, ಫ್ಯಾನು ಸದ್ದು ಮಾಡಲಿಲ್ಲ. ಇದರಲ್ಲಿ ನಿಲ್ಲಿಸಿ ನೋಡುವ ಡಿಬಗ್ಗರ್ ಇರಲಿಲ್ಲ. ಅವಳು ಪ್ರೋಗ್ರಾಮಿನ ನಡುನಡುವೆ, ಇಲ್ಲಿಗೆ ಬಂದೆ, ಕೋಣೆ ಖಾಲಿ ಇದೆ, ಈಗ ಬರೆದೆ ಎಂದು ತಾನೇ ಹೇಳಿಕೊಳ್ಳುವ ಸಾಲುಗಳನ್ನು ಸೇರಿಸಿದಳು. ಪ್ರೋಗ್ರಾಮ್ ಓಡುತ್ತ ಹೋದಂತೆ ಆ ಮಾತುಗಳು ಪರದೆಯ ಕೆಳಭಾಗದಲ್ಲಿ ಒಂದರ ಕೆಳಗೊಂದು ಬೀಳುತ್ತಿದ್ದವು.

"ಇದು ಹಳೇ ಪದ್ಧತ್ರಿ. ನಿಧಾನ. ಆದ್ರ ತಾ ಏನ ಮಾಡ್ತೈತಿ ಅಷ್ಟ ಹೇಳ್ತೈತಿ."

ಹತ್ತೂವರೆಗೆ ಕೂಸಿಗೆ ಹಸಿವಾಯಿತು. ಅವಳು ಕೆಳಗೆ ಚಾಪೆಯ ಮೇಲೆ ಕೂತು, ದುಪಟ್ಟಾ ಮುಚ್ಚಿ ಕುಡಿಸತೊಡಗಿದಳು. "ಅತ್ತಿ, ಆ ಕುರ್ಚಿ ಮ್ಯಾಲ ಕುಂದ್ರಿ. ಹೊಸಾ ಸಾಲು ಬಿದ್ರ ಹೇಳ್ರಿ. ಯಾವುದೂ ಮುಟ್ಟಬ್ಯಾಡ್ರಿ ಮತ್ತ."

ನಾನು ಕೂತೆ. ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಪರದೆಯನ್ನೇ ನೋಡಿದೆ. ಕೆಳಗೆ ಏನೂ ಬೀಳಲಿಲ್ಲ. ಆದರೆ ಮೇಲೆ, ಅವಳು ಬರೆಯುತ್ತಿದ್ದ ಜಾಗದಲ್ಲಿ, ಒಂದು ಚೌಕ ಕಂಸ, ಆಮೇಲೆ ಎರಡು, ಒಂದು, ಆಮೇಲೆ ನೀರಿನ ಅಲೆಯಂಥ ಒಂದು ಗೆರೆ, ತಾನಾಗಿಯೇ ಮೂಡಿತು. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ ಅದೇ. ಆಮೇಲೆ ಒಟ್ಟಿಗೇ ಮೂರು ಸಲ.

"ಯವ್ವಾ, ಇಲ್ಲಿ ಏನೋ ಬರದೈತಿ."

"ಲಾಗ್ ಇರಬೇಕ್ರಿ, ಅದ ನಾ ಹೇಳಾಕ ಹಚ್ಚಿದ ಸಾಲು. ಏನಂತ ಬಿದ್ದೈತಿ?"

"ಕೆಳಗಲ್ಲವಾ. ನೀ ಬರಿಯೂ ಜಾಗದಾಗ ಬರಾಕತ್ತೈತಿ. ಎರಡು, ಒಂದು, ಒಂದು ಸೊಟ್ಟ ಗೆರಿ."

"ನೀವ್ ಏನರ ಮುಟ್ಟಿದ್ರೇನು?"

"ನನ್ನ ಕೈ ಮಡಲಾಗ ಅದಾವು, ನೋಡಿಲ್ಲಿ. ನಿನ್ನ ಕೈಯಾಗ ಕೂಸೈತಿ. ಮತ್ತ ಇದನ್ನ ಬರದವ್ರು ಯಾರು?"

ಅವಳು ಕೂಸನ್ನು ಎದೆಗೆ ಒತ್ತಿಕೊಂಡೇ ಎದ್ದು ಬಂದಳು. ನೋಡುತ್ತಿದ್ದ ಹಾಗೇ ಇನ್ನೊಮ್ಮೆ ಮೂಡಿತು. ಬೆಳಿಗ್ಗೆಯಿಂದ ಈ ಗುರುತು ನಾಲ್ಕಾರು ಸಲ ಕಂಡಿತ್ತಂತೆ. ತನ್ನದೇ ಬೆರಳು ತಪ್ಪಿ ಬಿದ್ದದ್ದೆಂದು ಅಳಿಸುತ್ತ ಹೋಗಿದ್ದಳು. ಈಗ ಕೂಸನ್ನು ನನ್ನ ಕೈಗಿಟ್ಟು, ಮೇಲಿನ ಸಾಲಿನ ಕೀಲಿಗಳನ್ನು ಎಡದಿಂದ ಒಂದೊಂದಾಗಿ ಒತ್ತಿ ನೋಡಿದಳು. ಹತ್ತನೆಯದಕ್ಕೆ ಬಂದಾಗ ಅದೇ ಗುರುತು ಬಂತು. ಆ ಕೀಲಿ ಒತ್ತಿದರೆ ಪೂರ್ತಿ ಕೆಳಗೆ ಹೋಗುತ್ತಿರಲಿಲ್ಲ, ಬಿಟ್ಟರೆ ಪೂರ್ತಿ ಮೇಲೂ ಬರುತ್ತಿರಲಿಲ್ಲ. ಯಾರೂ ಮುಟ್ಟದಿದ್ದರೂ ಒಮ್ಮೊಮ್ಮೆ ತಾನೇ ಒತ್ತಿಕೊಂಡಂತಾಗುತ್ತಿತ್ತು. ಡಿಬಗ್ಗರಿಗೆ ಒಂದು ಸಾಲು ಮುಂದೆ ಹೋಗು ಎಂದು ಹೇಳುವ ಕೀಲಿ ಅದೇ. ಬಣ್ಣದ ಎಡಿಟರಿನಲ್ಲಿ ಬರೆಯುವಾಗ ಅದಕ್ಕೆ ಏನೂ ಕೆಲಸವಿಲ್ಲ, ಹಾಗಾಗಿ ತೊಂದರೆ ಕಂಡಿರಲಿಲ್ಲ. ದೊಡ್ಡ ಎಡಿಟರಿಗೆ ಇವಳೇ ತನ್ನ ರೂಢಿಯ ಕೀಲಿಯನ್ನು ಒಯ್ದು ಕೊಟ್ಟಿದ್ದಳು. ಕಪ್ಪು ಪರದೆಯದಕ್ಕೆ ಮಾತ್ರ ಆ ಕೀಲಿಯ ಅರ್ಥವೇ ಗೊತ್ತಿರಲಿಲ್ಲ. ಬಂದದ್ದನ್ನು ಬಂದ ಹಾಗೆ ಬರೆದಿಟ್ಟಿತ್ತು.

ತಲೆಯ ಪಿನ್ನು ತೆಗೆದು ಕೀಲಿಯನ್ನು ಮೆಲ್ಲಗೆ ಎಬ್ಬಿಸಿದಳು. ಕೆಳಗೆ ಬೆಳ್ಳಗೆ ಗಟ್ಟಿಯಾಗಿ ಏನೋ ಕೂತಿತ್ತು.

"ಸುಣ್ಣ ಇದ್ದಂಗ ಐತ್ರಿ. ಗ್ವಾಡಿದು ಉದುರೇತೇನು?"

ಗೋಡೆಯದಲ್ಲ ಎಂದು ನನಗೆ ನೋಡಿದ ಕೂಡಲೇ ಗೊತ್ತಾಯಿತು. ಸುಮ್ಮನಿದ್ದರೆ ಅವಳು ಗೋಡೆಯದೆಂದೇ ತಿಳಿದುಕೊಳ್ಳುತ್ತಿದ್ದಳು. ಹಾಗೆ ಬಿಡಲು ಮನಸ್ಸು ಒಪ್ಪಲಿಲ್ಲ.

"ವಿಭೂತಿ ಅದು," ಎಂದೆ. "ಸೋಮವಾರ ಸೋಮವಾರ ನಾನ ಹಚ್ಚೀನಿ. ಒದ್ದೀದು ಇಳದು ಒಳಗ ಒಣಗೇತಿ. ಮೂರು ದಿನಾ ನಿನ್ನ ಅಳಿಸಿದಾಕಿ ನಾನು."

ಅವಳು ಕೀಲಿಯನ್ನು ಅಂಗೈಯಲ್ಲಿ ಹಿಡಿದು ನನ್ನ ಮುಖ ನೋಡಿದಳು. ಬೈದರೆ ಬೈಸಿಕೊಳ್ಳಬೇಕೆಂದು ನಿಂತಿದ್ದೆ. ಅವಳಿಗೆ ನಗು ತಡೆಯಲಾಗಲಿಲ್ಲ. "ಎರಡು ಎಡಿಟರ್ ತಗದು ಒಗದ್ನಲ್ರಿ ಅತ್ತಿ! ನೀವು ಹಚ್ಚಿದ್ರಿ, ನಾ ಒದ್ದೀ ಅರಿವಿ ತಗೊಂಡು ಒರಸಿ ಒರಸಿ ಒಳಗ ತುಂಬಿದೆ. ಇಬ್ಬರೂ ಕೂಡೇ ಪೂಜಿ ಮಾಡೇವಿ."

ಅವಳು ಪಿನ್ನಿನಿಂದ ಕೆರೆಯುವಾಗ ನಾನು ಒಂದು ಕಾಗದ ಹಿಡಿದೆ. ಉದುರಿದ್ದನ್ನು ಕಾಲಿಗೆ ಸಿಗದ ಹಾಗೆ ಬಿಲ್ವದ ಗಿಡದ ಬುಡಕ್ಕೆ ಹಾಕಿ ಬಂದೆ. ಉಳಿದದ್ದನ್ನು ಅವಳು ಬಾಣಂತನದಲ್ಲಿ ಕೂಸಿನ ಹೊಕ್ಕುಳಿಗೆಂದು ತಂದಿಟ್ಟಿದ್ದ ಸ್ಪಿರಿಟ್ಟಿನಲ್ಲಿ ಅರಳೆ ಅದ್ದಿ ತೆಗೆದಳು. ಕೀಲಿಯನ್ನು ಮತ್ತೆ ಕೂರಿಸಿ ಒತ್ತಿದಾಗ ಟಕ್ಕೆಂದು ಇಳಿದು ಟಕ್ಕೆಂದು ಎದ್ದಿತು. ಆ ಸದ್ದು ಕೇಳಿ ನನ್ನ ಜೀವಕ್ಕೆ ಸಮಾಧಾನವಾಯಿತು. ದೇವರ ಪ್ರಸಾದದಿಂದ ಕೇಡಾಯಿತಲ್ಲ ಎಂದು ಮೊದಲು ಕಸಿವಿಸಿಯಾದದ್ದು ನಿಜ. ಯೋಚಿಸಿದರೆ ಕೇಡು ಮಾಡಿದ್ದು ವಿಭೂತಿಯಲ್ಲ, ನೀರು ಹೆಚ್ಚು ಹಾಕಿ ತೇಯ್ದ ನನ್ನ ಕೈ. ಈಗ ಸೋಮವಾರ ಮೇಜಿನ ಕಾಲಿಗೆ ಹಚ್ಚುತ್ತೇನೆ.

ಅವಳು ಬಣ್ಣದ ಎಡಿಟರಿಗೆ ವಾಪಸು ಹೋದಳು. ದೊಡ್ಡದು ಯಾಕೆ ಬೇಡ ಎಂದು ಕೇಳಿದೆ. "ಅದು ಜಾಣ ಐತ್ರಿ, ಆದ್ರ ಈ ಲ್ಯಾಪ್‌ಟಾಪಿಗೆ ಅದರ ಭಾರ ತಡಿಯೂದಿಲ್ಲ. ಆ ಕರೇ ಪರದೀದು ಖರೇ ಹೇಳ್ತೈತಿ, ಆದ್ರ ನಿಲ್ಲಿಸಿ ನೋಡಾಕ ಬರೂದಿಲ್ಲ. ನನಗೀಗ ನಿಂತು ನೋಡೂದು ಬೇಕಾಗೇತಿ." ಕೆಂಪು ಚುಕ್ಕೆ ಇಟ್ಟಳು. ಪ್ರೋಗ್ರಾಮ್ ಬಂದು ನಿಂತಿತು. ನಾನು ಬಗ್ಗಿ ನೋಡಿದೆ, ಅದು ಅಲುಗಲಿಲ್ಲ. ಅವಳು ಒಂದು ಸಲ ಒತ್ತಿದಳು, ಒಂದೇ ಸಾಲು ಹೋಯಿತು.

ಊಟದ ಹೊತ್ತಿಗೆ ತಪ್ಪು ಸಿಕ್ಕಿತು. ನನಗೆ ತಿಳಿಯುವ ಹಾಗೆ ಹೇಳಿದಳು. ಕೋಣೆ ಖಾಲಿ ಇದೆಯೇ ಎಂದು ನೋಡುವುದು ಒಂದು ಸಾಲು, ಇವರಿಗೆ ಕೊಟ್ಟೆ ಎಂದು ಬರೆಯುವುದು ಇನ್ನೊಂದು ಸಾಲು. ಎರಡರ ನಡುವೆ ಎಂಟು ಸಾಲಿನ ಬೇರೆ ಕೆಲಸವಿತ್ತು. ಒಬ್ಬರು ಖಾಲಿ ಇದೆ ಎಂದು ನೋಡಿ ಆ ಎಂಟು ಸಾಲು ದಾಟುವಷ್ಟರಲ್ಲಿ ಇನ್ನೊಬ್ಬರೂ ಬಂದು ನೋಡಿದರೆ ಅವರಿಗೂ ಖಾಲಿ ಎಂದೇ ಕಾಣುತ್ತಿತ್ತು. ಇಬ್ಬರ ಹೆಸರೂ ಬರೆಯಲ್ಪಡುತ್ತಿತ್ತು. ಮಂಗಳವಾರವೂ ಬುಧವಾರವೂ ಡಿಬಗ್ಗರ್ ತಾನಾಗಿ ಓಡಿ ದಾಟುತ್ತಿದ್ದದ್ದೂ ಅದೇ ಎಂಟು ಸಾಲುಗಳನ್ನು. ಅವಳು ನೋಡುವುದನ್ನೂ ಬರೆಯುವುದನ್ನೂ ಒಟ್ಟಿಗೆ ಕಟ್ಟಿದಳು. ಒಬ್ಬರದು ಮುಗಿಯುವವರೆಗೆ ಇನ್ನೊಬ್ಬರು ಬಾಗಿಲಲ್ಲಿ ಕಾಯಬೇಕು.

ಪರೀಕ್ಷೆ ಮಾಡಲು ನನ್ನನ್ನೇ ಕೂರಿಸಿದಳು. ನನ್ನ ಫೋನಿನಲ್ಲಿ ಜೋಯಿಡಾದ ಅದೇ ಮನೆಯ ಕೋಣೆ ತೆರೆದುಕೊಟ್ಟು, "ನಾ ಹೂಂ ಅಂದ ಕೂಡ್ಲೇ ಒತ್ರಿ," ಎಂದಳು. ಅವಳು ಲ್ಯಾಪ್‌ಟಾಪಿನಲ್ಲಿ, ನಾನು ಫೋನಿನಲ್ಲಿ ಒಟ್ಟಿಗೇ ಒತ್ತಿದೆವು. ನನಗೆ, ಕ್ಷಮಿಸಿ, ಕೋಣೆ ಖಾಲಿ ಇಲ್ಲ ಎಂದು ಬಂತು. ಇಲ್ಲವೆನ್ನಿಸಿಕೊಂಡು ಅಷ್ಟು ಸಂತೋಷಪಟ್ಟದ್ದು ನನಗೆ ನೆನಪಿಲ್ಲ. ಎರಡನೇ ಸಲ ಕೋಣೆ ನನಗೆ ಸಿಕ್ಕಿತು, ಅವಳಿಗೆ ಇಲ್ಲ. "ಬಿಟ್ಟುಕೊಡ್ರಿ ಅತ್ತಿ, ನಿಮ್ಮ ಮೊಮ್ಮಗನ ಕರ್ಕೊಂಡು ಎಲ್ಲಿ ಮಲಗಲಿ?" ಎಂದು ಅಣಕಿಸಿದಳು. ಹತ್ತಾರು ಸಲ ಒತ್ತಿದೆವು. ಒಂದು ಸಲವೂ ಇಬ್ಬರಿಗೂ ಸಿಗಲಿಲ್ಲ.

ಸಂಜೆ ಹುಬ್ಬಳ್ಳಿಯ ಸರ್‌ಗೆ ಫೋನು ಮಾಡಿದಳು. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿಸಿತು. ತಪ್ಪೇನೆಂದು ಕೇಳಿಕೊಂಡ ಮೇಲೆ ಅವರು, "ಇಷ್ಟಕ್ಕ ಮೂರು ದಿನಾ ಬೇಕಾತೇನು?" ಎಂದರು.

"ಕೀಬೋರ್ಡ್ ಕೆಟ್ಟಿತ್ರಿ ಸರ್," ಎಂದು ಸೊಸೆ ಅಷ್ಟಕ್ಕೇ ನಿಲ್ಲಿಸಿದಳು. ನನ್ನನ್ನು ಉಳಿಸಲು ಹಾಗೆ ಅಂದಳೆಂದು ತಿಳಿಯಿತು. ಆದರೆ ಅರ್ಧ ಮಾತು ಅವಳಿಗೇ ತಿರುಗೀತು, ಮನೆಯಲ್ಲಿ ಕೂಸು ನೀರು ಚೆಲ್ಲಿತೆಂದು ಅವರು ತಿಳಿದರೆ ಏನು ಗತಿ ಎಂದು, "ನಂದ ತಪ್ಪು ಅಂತ ಹೇಳು," ಎಂದು ಪಿಸುಗುಟ್ಟಿದೆ. ಅವಳು ಬೇಡವೆಂದು ತಲೆಯಾಡಿಸಿದಳು. ನಾನೇ ಫೋನಿನ ಹತ್ತಿರ ಬಾಗಿ, "ಸರ, ನಾನು ಆಕಿ ಅತ್ತಿ. ಲ್ಯಾಪ್‌ಟಾಪಿಗೆ ವಿಭೂತಿ ಹಚ್ಚಿದಾಕಿ ನಾನ್ರಿ. ಕೀಲಿ ಕಟ್ಟಿ ಆಕಿ ಡಿಬಗ್ಗರ್ ನಿಲ್ಲವಲ್ದಾಗಿತ್ತು. ಆಕಿ ತಲೀಗೆ ಏನೂ ಆಗಿಲ್ಲ, ಚಲೋ ಐತಿ," ಎಂದೆ.

ಆ ಕಡೆ ಅವರು ನಕ್ಕರು, ಹಿಂದಿನಿಂದ ಇನ್ನೂ ಇಬ್ಬರು ನಕ್ಕದ್ದು ಕೇಳಿಸಿತು. "ಹಣಿಗೆ ಹಚ್ಚಗೋರಿ ಅಮ್ಮಾರ, ಕೀಬೋರ್ಡಿಗೆ ಬ್ಯಾಡ್ರಿ," ಎಂದರು. ನಾಳೆ ಇಲ್ಲಿ ಎಲ್ಲರೂ ನೋಡಿ ಹೇಳುತ್ತೇವೆ ಎಂದು ಫೋನು ಇಟ್ಟರು. ಹುಬ್ಬಳ್ಳಿಗೆ ಬರಬೇಕೋ ಬೇಡವೋ ಎಂಬುದನ್ನು ಹೇಳಲಿಲ್ಲ.

ಶುಕ್ರವಾರ ಪೂರ್ತಿ ಅವಳು ಫೋನನ್ನು ಕೈಯಿಂದ ಬಿಡಲಿಲ್ಲ. ಮಧ್ಯಾಹ್ನ ಕರೆಂಟು ಹೋದಾಗ ಮುಖ ಸಣ್ಣದಾಯಿತು, ಇನ್ವರ್ಟರು ತಡೆಯಿತು. ನಾನು ಬಿಟ್ಟಿದ್ದ ಮೆಣಸಿನಕಾಯಿ ತೊಟ್ಟು ಮುರಿದು ಮುಗಿಸಿ ಗಿರಣಿಗೆ ಕಳಿಸಿದೆ. ಐದು ಗಂಟೆಗೆ ಮೆಸೇಜು ಬಂತು. ಅವಳು ಮೊದಲು ತಾನು ಓದಿಕೊಂಡಳು, ಆಮೇಲೆ ನನಗೆ ಓದಿ ಹೇಳಿದಳು. ಕೆಲಸ ಮನೆಯಿಂದಲೇ ಮಾಡಬಹುದು. ತಿಂಗಳಿಗೆ ಒಂದು ದಿನ ಆಫೀಸಿಗೆ ಬಂದು ಹೋಗಬೇಕು. ಆ ದಿನ ಕೂಸನ್ನೂ ಕರೆದುಕೊಂಡು ಬರಬಹುದು, ಜೊತೆಗೆ ಒಬ್ಬರು ಬಂದರೂ ನಡೆಯುತ್ತದೆ.

"ಉಳೀತ್ರಿ ಅತ್ತಿ," ಎಂದಳು.

"ಉಳೀತು," ಎಂದೆ. ಶಿವನಿಗೆ ಅಲ್ಲಿಂದಲೇ ಕೈ ಮುಗಿದೆ. ಕೂಸು ಅವಳ ಫೋನನ್ನು ಬಾಯಿಗೆ ಹಾಕಿಕೊಳ್ಳಲು ಎಳೆಯುತ್ತಿತ್ತು. ಅವಳು ಬಿಡಿಸಿಕೊಂಡು ಕೂಸಿನ ಕೆನ್ನೆಗೆ ಮುಖ ಒತ್ತಿ ಸ್ವಲ್ಪ ಹೊತ್ತು ಹಾಗೇ ಕೂತಳು. ಅವರಿಬ್ಬರನ್ನೂ ಅಲ್ಲೇ ಬಿಟ್ಟೆ. ಹೊರಗೆ ಪಕ್ಕದ ಮನೆಯವಳು "ನೀರು ಬಂದಾವ್ರೀ" ಎಂದು ಕೂಗುತ್ತಿದ್ದಳು. ಎರಡು ದಿನಕ್ಕೊಮ್ಮೆ ಬರುವ ನೀರು. ಹಿತ್ತಲಿಗೆ ಹೋಗಿ ಕೊಡ ತೊಳೆದು ನಳದ ಕೆಳಗೆ ಇಟ್ಟೆ.